ಅರ್ಥವಾಗಿದೆ ಎಂಬ ಸಹಿ

ಹೆಂಡತಿ: ಅರ್ಥ ಆಯ್ತು ರೀ. ನಂಬಿಕೆ ಬರಲಿಲ್ಲ, ಅಷ್ಟೇ.

ಗಂಡ: ನಂಬು ಅಂದೋರು ಯಾರು? ಅರ್ಥ ಆಯ್ತು ಅಂತ ಒಂದು ಸಹಿ ಹಾಕು, ಸಾಕು.

ಗಂಡ ಒಂದು ಸಂಶೋಧನಾ ಪತ್ರಿಕೆಯ ಸಂಪಾದಕ. ವಿಜ್ಞಾನದ ಬಗ್ಗೆ ಜನಸಾಮಾನ್ಯರು ಏನಂದುಕೊಳ್ಳುತ್ತಾರೆ ಎಂಬುದೇ ಅದರ ವಿಷಯ. ಜನಸಾಮಾನ್ಯರೊಬ್ಬರೂ ಅದನ್ನು ಕೈಯಲ್ಲಿ ಹಿಡಿದದ್ದಿಲ್ಲ ಅನ್ನುವುದು ಬೇರೆ ಮಾತು. ಆ ಅಪವಾದ ಕಳೆಯಲೆಂದು ಅವನೇ ಒಂದು ನಿಯಮ ತಂದಿದ್ದ. ಪ್ರತಿ ಲೇಖನಕ್ಕೂ ಅರ್ಧ ಪುಟದ ಸರಳ ಸಾರಾಂಶವಿರಬೇಕು, ವಿಜ್ಞಾನ ಓದದ ಯಾರಾದರೂ ಅದನ್ನು ಓದಿ ‘ಅರ್ಥವಾಯಿತು’ ಎಂದು ಸಹಿ ಹಾಕಬೇಕು. ಈಗ ಆ ನಿಯಮ ಅವನ ಕೊರಳಿಗೇ ಬಿದ್ದಿತ್ತು. ಬೇರೆಯವರದ್ದನ್ನು ತಿದ್ದಿ ತಿದ್ದಿ ಸಾಕಾಗಿ ಕೊನೆಗೂ ಸ್ವಂತದ್ದೊಂದು ಲೇಖನ ಬರೆದಿದ್ದ. ಸಂಜೆಯೊಳಗೆ ಸಹಿ ಬೀಳದಿದ್ದರೆ ಸಂಚಿಕೆ ಅದನ್ನು ಬಿಟ್ಟೇ ಅಚ್ಚಿಗೆ ಹೋಗುತ್ತಿತ್ತು. ಹೆಂಡತಿಯೋ ವಕೀಲೆ. ಓದದೆ, ಒಪ್ಪದೆ ಸಹಿ ಹಾಕುವ ಪೈಕಿಯವಳಲ್ಲ.

ಹೆಂಡತಿ: ಜನ ವಿಜ್ಞಾನಿಗಳನ್ನ ನಂಬದೇ ಇರೋದು ಅರ್ಥ ಆಗದೇ ಇರೋದ್ರಿಂದ. ಅರ್ಥ ಆದ್ರೆ ತಾನಾಗೇ ನಂಬ್ತಾರೆ. ಇದೇ ತಾನೇ ನಿಮ್ಮ ವಾದ?

ಗಂಡ: ನೋಡು, ನನಗಿಂತ ಚೆನ್ನಾಗಿ ಹೇಳಿದೆ. ಹಾಕು ಸಹಿ.

ಹೆಂಡತಿ: ನಂಗೆ ಅರ್ಥ ಆಗಿದೆ, ನಂಬಿಕೆ ಬಂದಿಲ್ಲ. ಸಹಿ ಹಾಕಿದ್ರೆ ನಿಮ್ಮ ವಾದ ಸುಳ್ಳು ಅಂತ ನಾನೇ ಸಾಕ್ಷಿ ಹೇಳಿದ ಹಾಗಾಗುತ್ತೆ.

ಗಂಡ: ಹಾಗಾದ್ರೆ ನಿಂಗೆ ಸರಿಯಾಗಿ ಅರ್ಥ ಆಗಿಲ್ಲ.

ಹೆಂಡತಿ: ಸರಿ ಬಿಡಿ. ಅರ್ಥ ಆಗದ್ದಕ್ಕೆ ಸಹಿ ಹೇಗೆ ಹಾಕಲಿ?

ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದ ಅಮ್ಮನಿಗೆ ಮಗನ ಪೇಚಾಟ ನೋಡಲಾಗಲಿಲ್ಲ.

ಅಮ್ಮ: ಕೊಡೋ ಇಲ್ಲಿ, ನಾನು ಹಾಕ್ತೀನಿ.

ಗಂಡ: ಮೊದಲು ಓದಮ್ಮ.

ಅಮ್ಮ: ಓದೋದೇನು? ನೀನು ಬರೆದಿದ್ದೀಯ ಅಂದ್ಮೇಲೆ ಸರಿಯಾಗೇ ಇರುತ್ತೆ.

ಹೆಂಡತಿ: ಅರ್ಥ ಆಗ್ಬೇಕಲ್ಲ ಅತ್ತೆ?

ಅಮ್ಮ: ಹೈಸ್ಕೂಲಿಗೆ ಹೋದಾಗಿನಿಂದ ಇವನು ಹೇಳಿದ್ದು ಒಂದೂ ಅರ್ಥ ಆಗಿಲ್ಲ ಕಣಮ್ಮ. ಹಾಗಂತ ನಂಬೋದು ಬಿಟ್ಟಿದ್ದೀನಾ?

ಒಬ್ಬಳಿಗೆ ಅರ್ಥವಾಗಿದೆ, ನಂಬಿಕೆಯಿಲ್ಲ. ಇನ್ನೊಬ್ಬರಿಗೆ ಬೆಟ್ಟದಷ್ಟು ನಂಬಿಕೆ, ಅರ್ಥ ಮಾತ್ರ ಸಾಸಿವೆಯಷ್ಟೂ ಇಲ್ಲ. ಊರೂರು ಸುತ್ತಿ ಕಂಡಕಂಡವರನ್ನೆಲ್ಲ ಕೇಳಿ ಕಟ್ಟಿದ ವಾದಕ್ಕೆ ಮನೆಯವರೇ ಎರಡೂ ಕಡೆಯಿಂದ ಕೊಡಲಿಪೆಟ್ಟು ಕೊಟ್ಟಿದ್ದರು.

ಗಂಡ: ಇಬ್ಬರನ್ನ ಇಟ್ಕೊಂಡು ತೀರ್ಮಾನ ಮಾಡಕ್ಕಾಗಲ್ಲ.

ಹೆಂಡತಿ: ನಿಮ್ಮನ್ನ ಬಿಟ್ರೆ ಮನೇಲಿರೋದೇ ಇಬ್ಬರು. ನೂರಕ್ಕೆ ನೂರು ಬಂತಲ್ಲ.

ಗಂಡನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಬೇಸರವಾಯಿತು. ಅರ್ಥವಾದರೆ ಜನ ತಾನಾಗೇ ನಂಬುತ್ತಾರೆ ಎಂಬುದೇ ಇಡೀ ಲೇಖನದಲ್ಲಿ ಅವನಿಗೆ ಅತಿ ಪ್ರೀತಿಯ ಸಾಲು. ಆದರೆ ಹೆಂಡತಿ ಹೇಳುವುದರಲ್ಲಿ ಹುರುಳಿದೆ ಎಂದು ಒಳಗೊಳಗೇ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಆ ಸಾಲು ಹೊಡೆದುಹಾಕಿದ. ಅದರ ಜಾಗದಲ್ಲಿ, ಜನ ಯಾಕೆ ನಂಬುತ್ತಾರೆ, ಯಾಕೆ ನಂಬುವುದಿಲ್ಲ ಎಂಬುದು ನಮಗಿನ್ನೂ ಗೊತ್ತಿಲ್ಲ ಎಂದು ಬರೆದು ಮುಂದೆ ತಳ್ಳಿದ. ಅವಳು ನಿಧಾನವಾಗಿ ಓದಿದಳು.

ಹೆಂಡತಿ: ಈಗ ನೋಡಿ, ನಂಬಿಕೆ ಬಂತು.

ಅವಳು ಸಹಿ ಹಾಕಿದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅಮ್ಮ: ಏನು ಬರೆದನಮ್ಮ?

ಹೆಂಡತಿ: ಗೊತ್ತಿಲ್ಲ ಅಂತ ಬರೆದಿದ್ದಾರೆ ಅತ್ತೆ.

ಅಮ್ಮ ಕನ್ನಡಕ ಏರಿಸಿಕೊಂಡು, ಮಗ ಬರೆದದ್ದನ್ನು ಜೀವಮಾನದಲ್ಲಿ ಮೊದಲ ಸಲ ಬೆರಳಿಟ್ಟು ಓದಿದರು. ಆಮೇಲೆ ಕಾಗದ ವಾಪಸು ಕೊಟ್ಟರು.

ಅಮ್ಮ: ಇದೊಂದು ಅರ್ಥ ಆಯ್ತು ನೋಡು. ಇದನ್ನ ಮಾತ್ರ ನಂಬಕ್ಕಾಗಲ್ಲ.