ಬೆಕ್ಕಿನ ಮೇಲೆ ನನ್ನ ದಂಡಯಾತ್ರೆ

ನನ್ನ ಸೀನಿಗೆ ಕಾರಣ ಹೆಂಡತಿಯ ಬೆಕ್ಕೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದಾಗಿನಿಂದ ಮೂಗು ನನ್ನ ಮಾತು ಕೇಳುತ್ತಿರಲಿಲ್ಲ. ಗದಗಿನಿಂದ ಊರೂರಿಗೂ ಲಾರಿಯೇರಿಸಿ ತಂದ ನನ್ನ ಅರಳೆ ಗಾದಿಯ ಮೇಲೆ ಆ ಬೆಕ್ಕು ಮಹಾರಾಣಿಯಂತೆ ಮಲಗುತ್ತಿತ್ತು. ನಾನು ಅಲ್ಲಿ ಅಡ್ಡಾದರೆ ಸೀನು! ಇನ್ನೇನು ಸಾಕ್ಷಿ ಬೇಕು?

“ಈ ಮನ್ಯಾಗ ಬೆಕ್ಕಿರಬೇಕು, ಇಲ್ಲಾ ನಾನಿರಬೇಕು!” ಎಂದು ಗುಡುಗಿದೆ.

“ಏಮಂಡಿ, ನಿಮ್ಮ ಬ್ಯಾಗು ತುಂಬಲಾ?” ಎಂದಳು ವಿಜಯವಾಡದ ಭವಾನಿಪುರಂನಲ್ಲೇ ಹುಟ್ಟಿ ಬೆಳೆದ ನನ್ನ ಹೆಂಡತಿ.

ಮೈಯೆಲ್ಲ ಉರಿಯಿತು. ವಿಶಾಖಪಟ್ಟಣದಲ್ಲಿ ರೋಗನಿರೋಧಕ ಶಾಸ್ತ್ರ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆ. ಅವಳು ಲಸಿಕೆ, ಅಂಗಾಂಗ ಕಸಿ, ದೇಹ ತನ್ನ ಮೇಲೆ ತಾನೇ ಯುದ್ಧ ಸಾರುವ ಕಾಯಿಲೆ ಎಂದು ಪಾಠ ಶುರುಮಾಡಿದಳು.

“ಅದೆಲ್ಲಾ ಇರ್ಲಿ, ಬೆಕ್ಕಿನ ಸುದ್ದಿ ಹೇಳ!” ಎಂದು ರೇಗಿದೆ.

“ಅಲರ್ಜಿ ಟೆಸ್ಟ್ ಮಾಡಸೋಣು ಬರ್ರಿ ಅಪ್ಪಾ. ಬೆಕ್ಕಿಂದೇ ಅಂತ ಬಂದ್ರ ಅವ್ವನ್ನ ನಾ ಒಪ್ಪಸ್ತೀನಿ. ಅಲ್ಲೀತನಕ ಅಲರ್ಜಿ ಗುಳಗಿ ಮಾತ್ರ ಮುಟ್ಟಬ್ಯಾಡ್ರಿ.”

ಮುಟ್ಟಲಿಲ್ಲ. ಆದರೆ ವಿಶಾಖಪಟ್ಟಣದ ರೈಲಿನಲ್ಲಿ ಸೀನು ಹತ್ತಿಕೊಂಡಿತು. ಎದುರು ಸೀಟಿನವರು “ತೀಸ್ಕೋಂಡಿ ಸಾರ್” ಎಂದು ನೆಗಡಿ ಗುಳಿಗೆ ಕೊಟ್ಟರು. ನಿಷೇಧವಿರುವುದು ಅಲರ್ಜಿ ಗುಳಿಗೆಗೆ. ಸದರಿ ನಿಯಮ ನೆಗಡಿ ಗುಳಿಗೆಗೆ ಅನ್ವಯಿಸುವುದಿಲ್ಲ ಎಂದು ಅಧಿಕಾರಿಯ ಗತ್ತಿನಲ್ಲಿ ತೀರ್ಮಾನಿಸಿ ನುಂಗಿಬಿಟ್ಟೆ!

ಅಲ್ಲಿನ ಎಂವಿಪಿ ಕಾಲೋನಿಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಮುಂಗೈ ಮೇಲೆ ಅಲರ್ಜಿ ತರುವ ಒಂದೊಂದು ವಸ್ತುವಿನ ಹನಿಯನ್ನೂ ಸಾಲಾಗಿಟ್ಟು ಚುಚ್ಚಿದರು. ಒಂದೂ ಉಬ್ಬಲಿಲ್ಲ. ಟೆಸ್ಟ್ ಸರಿಯಿದೆಯೇ ಎಂದು ನೋಡಲು ಇಟ್ಟ, ಎಂಥವರಿಗೂ ಉಬ್ಬಲೇಬೇಕಾದ ಹನಿ ಕೂಡ!

“ಇದು ಮೋಸದ ಟೆಸ್ಟು!” ಎಂದು ಮೇಜು ಗುದ್ದಿದೆ.

ಏನಾದರೂ ಗುಳಿಗೆ ನುಂಗಿದ್ದೀರಾ ಎಂದು ಅವರು ಶಾಂತವಾಗಿ ತೆಲುಗಿನಲ್ಲಿ ಕೇಳಿದರು. ನೆಗಡಿ ಗುಳಿಗೆಯ ಕಥೆ ಹೇಳಿದೆ. ಮಗಳು ಹಣೆ ಬಡಿದುಕೊಂಡಳು. “ಅಪ್ಪಾ, ಅದ್ರಾಗೂ ಅಲರ್ಜಿ ಔಷಧಾನ ಇರ್ತೈತ್ರಿ, ಅದು ಉಬ್ಬಾಕ ಬಿಡೂದಿಲ್ಲ!”

ಮುಂದಿನ ತಿಂಗಳು ಹಲ್ಲು ಕಚ್ಚಿಕೊಂಡು, ದಾರಿಯುದ್ದಕ್ಕೂ ಸೀನುತ್ತ ಮತ್ತೆ ಹೋದೆ. ಈ ಸಲ ಉಬ್ಬಲೇಬೇಕಾದ ಹನಿಯ ಜೊತೆ ಇನ್ನೊಂದು ಹನಿಯೂ ಬೋಂಡದಂತೆ ಉಬ್ಬಿತು.

“ನೋಡು ನಿಮ್ಮವ್ವನ ಬೆಕ್ಕು!” ಎಂದು ಕ್ಲಿನಿಕ್ ಹಾರಿಹೋಗುವಂತೆ ಕೂಗಿದೆ.

“ಬೆಕ್ಕಿನ ಹನಿ ಆಕಡೀದು ಅಪ್ಪಾ, ಅಲ್ಲೇನೂ ಆಗಿಲ್ಲ. ಇದು ಹಳೇ ಹಾಸಿಗಿ ಧೂಳಿನಾಗಿನ ಹುಳದ್ದು. ನಿಮ್ಮ ಗಾದೀದು!”

ಅಷ್ಟು ವರ್ಷದ ಗಾದಿ! ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಮನೆಯಿಂದ ಯಾರಾದರೂ ಹೋಗಲೇಬೇಕೆಂದು ಗುಡುಗಿದವನು ನಾನೇ. ಗಾದಿ ಹೋಯಿತು.

ಈಗ ನಾನು ಚಾಪೆಯ ಮೇಲೆ ಮಲಗುತ್ತೇನೆ. ಸೀನಿಲ್ಲ. ಗಾದಿ ಕಳೆದುಕೊಂಡ ಬೆಕ್ಕು ಬೇಜಾರು ಮಾಡಿಕೊಂಡೀತೆಂದು ಹೆಂಡತಿ ಅದಕ್ಕೊಂದು ಹೊಸ ಮೆತ್ತನೆಯ ಹಾಸಿಗೆ ತಂದಿದ್ದಾಳೆ.

“ಮತ್ತ ನನಗ?” ಎಂದರೆ, “ನಿಮಗೆ ಹಾಸಿಗೆ ಅಂದ್ರೆ ಅಲರ್ಜಿ ಕದಂಡೀ, ಅಲ್ವೇನ್ರೀ!” ಎನ್ನುತ್ತಾಳೆ.