ಬಾವಿಗೆ ಇಳಿದ ಪೆಟ್ರೋಲ್

ಬೈಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಮದುವೆಯಾದವರಿಗೆ ಅಭ್ಯಾಸವಿರುತ್ತದೆ. ಬೈಯಬೇಕಾದವರು ಬೈಯದೆ ಉಪಚಾರಕ್ಕೆ ನಿಂತರೆ ಮಾತ್ರ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಅರವತ್ತರ ದಶಕದಲ್ಲಿ ತುಮಕೂರಿನ ಕುಣಿಗಲ್ ರಸ್ತೆಯ ಒಂದು ಪೆಟ್ರೋಲ್ ಬಂಕಿಗೆ ಮ್ಯಾನೇಜರಾಗಿದ್ದಾಗ ನನಗೆ ಆದದ್ದು ಇದೇ.

ಬಂಕಿನ ಹಿಂದಿನ ಬೀದಿಯಲ್ಲಿ ಪುಟ್ಟತಾಯಮ್ಮನವರ ಮನೆ. ಗಂಡ ತೀರಿಕೊಂಡ ಮೇಲೆ ಇಡ್ಲಿ ಮಾರಿ ಬದುಕುತ್ತಿದ್ದರು. ಒಂದು ಬೆಳಗ್ಗೆ ಚೊಂಬು ಹಿಡಿದುಕೊಂಡು ಬಂದು, "ಸ್ವಾಮಿ, ಒಸಿ ಮೂಸಿ ನೋಡಿ. ನಮ್ಮ ಬಾವಿ ನೀರು ನಿಮ್ಮ ಬಂಕಿನ ವಾಸ್ನೆ ಹೊಡೀತದೆ" ಎಂದರು. ಮೂಸಿದೆ, ಏನೂ ತಿಳಿಯಲಿಲ್ಲ. ದಿನವಿಡೀ ಪೆಟ್ರೋಲಿನ ಮಧ್ಯೆ ಇದ್ದು ನನ್ನ ಮೂಗು ಸತ್ತೇಹೋಗಿತ್ತು. ಮನೆಯಲ್ಲಿ ಹೆಂಡತಿ ನನ್ನ ಅಂಗಿಯನ್ನು ಕೋಲಿನಲ್ಲಿ ಎತ್ತಿ ಹಿತ್ತಲಿಗೆ ಹಾಕುತ್ತಿದ್ದುದನ್ನು ಬರೀ ಜಂಬ ಎಂದುಕೊಂಡಿದ್ದೆ. "ನೀರು ಚೆನ್ನಾಗೇ ಇದೆಯಲ್ಲಮ್ಮ" ಎಂದೆ, ದೊಡ್ಡ ಮನುಷ್ಯನ ಧಾಟಿಯಲ್ಲಿ. ಪಕ್ಕದಲ್ಲಿದ್ದ ಜೀಪಿನ ಡ್ರೈವರ್ ಚೊಂಬಿಗೆ ಮೂಗಿಟ್ಟು, "ಸಾರ್, ಇದನ್ನೇ ಹಾಕ್ಬುಡಿ, ಗಾಡಿ ಓಡ್ತದೆ" ಎಂದ.

ಕೂಡಲೇ ಮಾರಾಟ ನಿಲ್ಲಿಸಿ, ನೆಲದೊಳಗಿನ ಟ್ಯಾಂಕಿಗೆ ಅಳತೆ ಕೋಲು ಇಳಿಸಿದೆ. ಹಿಂದಿನ ಸಂಜೆ ಬೀಗ ಹಾಕುವಾಗ ಇದ್ದ ಮಟ್ಟಕ್ಕಿಂತ ಪೆಟ್ರೋಲ್ ಕೆಳಗಿಳಿದಿತ್ತು. ಹಿಂದಿನ ಬೀದಿಗೆ ಓಡಿ, ಯಾರೂ ಒಲೆ ಹಚ್ಚಬೇಡಿ, ಬೀಡಿ ಸೇದಬೇಡಿ ಎಂದು ಮನೆಮನೆಗೂ ಹೇಳಿದೆ. ಪುಟ್ಟತಾಯಮ್ಮನವರ ಒಲೆ ಆಗಲೇ ಧಗಧಗ ಉರಿಯುತ್ತಿತ್ತು. ಆರಿಸೋಣವೆಂದು ಗಾಬರಿಯಲ್ಲಿ ಬಿಂದಿಗೆ ಎತ್ತಿದೆ. ಅವರು ನನ್ನ ರಟ್ಟೆ ಹಿಡಿದುಕೊಂಡರು. "ಬ್ಯಾಡಿ ಸ್ವಾಮಿ. ಅದೂ ಬಾವಿ ನೀರೇಯ." ಬೂದಿ, ಮಣ್ಣು ಸುರಿದು ಅವರೇ ಬೆಂಕಿ ಆರಿಸಿದರು. ನಾನು ಬಿಂದಿಗೆ ಹಿಡಿದುಕೊಂಡೇ ಅಂಗಳಕ್ಕೆ ಬಂದು ಕೂತೆ.

ಟ್ಯಾಂಕರ್ ಲಾರಿ ಬಂದು ಉಳಿದ ಪೆಟ್ರೋಲನ್ನು ಹೀರಿಕೊಂಡು ಹೋಯಿತು. ಟ್ಯಾಂಕನ್ನು ಅಗೆದು ತೆಗೆದರೆ ತಳ ತುಕ್ಕು ಹಿಡಿದು ತೂತಾಗಿತ್ತು. ಬೀದಿಯಲ್ಲಿ ಒಲೆ ಹಚ್ಚುವಂತಿರದ ಅಷ್ಟು ದಿನವೂ ಪುಟ್ಟತಾಯಮ್ಮ ದೂರದ ನಮ್ಮ ಮನೆಯ ಒಲೆಯಲ್ಲೇ ಇಡ್ಲಿ ಬೇಯಿಸಿದರು. ಗಿರಾಕಿಗಳು ನಮ್ಮ ಜಗಲಿಯಲ್ಲೇ ಸಾಲಾಗಿ ಕೂತರು. ಹಾಗಲವಾಡಿಯಿಂದ ಬಂದ ಮಾವನವರು ಎಲೆ ಹಾಕುತ್ತಿದ್ದ ನನ್ನನ್ನು ನೋಡಿ ಮಗಳನ್ನು ಮೆಲ್ಲಗೆ ಕೇಳಿದರು: "ಏನವ್ವ, ಅಳಿಯಂದ್ರ ಕೆಲ್ಸ ಹೋಯ್ತಾ?" ಪುಟ್ಟತಾಯಮ್ಮ ಒಳಗಿನಿಂದಲೇ, "ಇಲ್ಲ ಕಣಣ್ಣ, ಪುಣ್ಯಾತ್ಮರು ನಮ್ಮ ಬೀದೀನೇ ಉಳಿಸವ್ರೆ" ಎಂದರು. ನಾನು ಚಟ್ನಿ ತರುವ ನೆಪದಲ್ಲಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ.

ಬಾವಿಯ ನೀರನ್ನು ಎಷ್ಟು ಸೇದಿ ಹೊರಗೆ ಚೆಲ್ಲಿಸಿದರೂ ಕುಡಿಯುವಂತಾಗಲಿಲ್ಲ. ಕೊನೆಗೆ ಬಂಕಿನ ಮಾಲೀಕರು ಬೀದಿಗೊಂದು ನಲ್ಲಿ ಹಾಕಿಸಿಕೊಟ್ಟರು. ಅದರ ಪೂಜೆಯ ದಿನ ಬೀದಿಯವರೆಲ್ಲ ಸೇರಿ ನನ್ನನ್ನು ಕರೆಸಿದರು. ಪುಟ್ಟತಾಯಮ್ಮನವರ ಕೈಯಲ್ಲಿ ಸೇವಂತಿಗೆ ಹಾರವಿತ್ತು. "ಒಸಿ ತಲೆ ಬಗ್ಸಿ ಸ್ವಾಮಿ" ಎಂದರು. ಬಗ್ಗಿಸಲು ಏನೂ ಉಳಿದಿರಲಿಲ್ಲ, ಆಗಲೇ ಗಲ್ಲ ಎದೆಗೆ ತಾಗಿತ್ತು. ಎಂಥ ವಿನಯವಂತ ಮ್ಯಾನೇಜರು ಎಂದು ಆ ಬೀದಿಯವರು ಬಹಳ ಕಾಲ ಹೇಳಿಕೊಂಡು ತಿರುಗುತ್ತಿದ್ದರಂತೆ.