ಸ್ಪೇನಿನವರು ಕಂಡ ನನ್ನ ಗಂಡನ ಪದ್ಯ

ಕವಿಯನ್ನು ಮದುವೆಯಾದ ಮೇಲೆ ಮನೆಯಲ್ಲಿ ಎಂತದಾದರೂ ಒಂದು ಆಗುತ್ತಲೇ ಇರುತ್ತದೆ. ಸೌದಿಯ ಜುಬೈಲಿಗೆ ಬಂದರೂ ನನಗದು ತಪ್ಪಲಿಲ್ಲ.

ಕಳಿಸಿದ್ದು

ನನ್ನ ಗಂಡ ಇಲ್ಲಿಯ ಕಾರ್ಖಾನೆಯಲ್ಲಿ ವೆಲ್ಡರ್. ಬರೆಯುವುದು ಪದ್ಯ, ಎಲ್ಲವೂ ಉಡುಪಿಯ ಕಡಲಿನ ಮೇಲೆ. ಊರಿನ ಪತ್ರಿಕೆಗಳು ಒಂದನ್ನೂ ಹಾಕಿರಲಿಲ್ಲ. ಇವರ ಎಂಜಿನಿಯರು ಸ್ಪೇನಿನವರು. ಅವರ ತಮ್ಮ ಅಲ್ಲಿ ಸಾಹಿತ್ಯ ಪತ್ರಿಕೆ ನಡೆಸುತ್ತಿದ್ದ. ಇವರು ಹನ್ನೆರಡು ಪದ್ಯಗಳನ್ನು ಹೇಗೋ ಇಂಗ್ಲಿಷಿಗೆ ಮಾಡಿದರು, ಎಂಜಿನಿಯರು ತಮ್ಮ ಭಾಷೆಗೆ ಮಾಡಿ ಕಳಿಸಿದರು.

"ಅಲ್ಲಿಯ ವಿಮರ್ಶಕರೂ ಬೇಡ ಅಂದರೆ ಬರೆಯುವುದನ್ನೇ ಬಿಟ್ಟುಬಿಡ್ತೇನೆ."

"ದೇವರೇ, ಸ್ಪೇನಿನವರಿಗೆ ಒಳ್ಳೆಯ ಬುದ್ಧಿ ಕೊಡು," ಎಂದೆ. ಯಾವ ಬುದ್ಧಿ ಎಂದು ಬಿಡಿಸಿ ಹೇಳಲಿಲ್ಲ.

ಬಂದದ್ದು

ಪದ್ಯಗಳೂ ಅವುಗಳ ವಿಮರ್ಶೆಯೂ ಅಚ್ಚಾದ ಆ ಪತ್ರಿಕೆ ಬಂದಾಗ ಎಂಜಿನಿಯರು ರಜೆಯಲ್ಲಿ ಊರಿಗೆ ಹೋಗಿದ್ದರು. ಓದಿ ಹೇಳಲು ಯಾರೂ ಇಲ್ಲ. ಅದರ ಮೇಲೆ, ಅಂಚೆ ತಪಾಸಣೆಯವರು ಪುಟದಲ್ಲಿದ್ದ ವೈನ್ ಬಾಟಲಿಯ ಜಾಹೀರಾತಿಗೆ ಕಪ್ಪು ಮಸಿ ಬಳಿದಿದ್ದರು; ಈ ದೇಶದಲ್ಲಿ ಹೆಂಡದ ಚಿತ್ರವೂ ನಿಷಿದ್ಧ. ಮಸಿ ವಿಮರ್ಶೆಯ ಕೊನೆಯ ಸಾಲುಗಳಿಗೂ ಹರಡಿತ್ತು.

ಇವರಿಗೆ ಅನ್ನ ಸೇರಲಿಲ್ಲ. ಪುಟವನ್ನು ಬಲ್ಬಿಗೆ ಹಿಡಿದು ನೋಡಿದ್ದೇ ನೋಡಿದ್ದು.

"ಹೊಗಳಿಕೆಯೆಲ್ಲ ಮಸಿಯ ಕೆಳಗೇ ಇದೆ ಮಾರಾಯ್ತಿ!"

"ನಿಮ್ಮನ್ನು ಹೊಗಳಿದ್ದು ಕಂಡರೆ ಮಸಿ ಬಳಿಯಲು ಅಂಚೆಯವರೇನು ನಿಮ್ಮ ಹೆಂಡತಿಯಾ?"

ಓದಿದ್ದು

ಎಂಜಿನಿಯರು ಮರಳಿದ ಶುಕ್ರವಾರ ಇವರು ಅವರನ್ನು ಚಹಾಕ್ಕೆ ಕರೆದರು. ಜೊತೆಗೆ ಕಾರ್ಖಾನೆಯ ಕ್ಯಾಂಪಿನಲ್ಲಿದ್ದ ನಮ್ಮೂರ ಕಡೆಯ ಐದಾರು ಮಂದಿಯನ್ನೂ. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತೆ.

ಎಂಜಿನಿಯರು ಇಂಗ್ಲಿಷಿನಲ್ಲಿ ಹೇಳಿದರು. ಬಂದವರಲ್ಲಿ ಗುಮಾಸ್ತರೊಬ್ಬರು ಕನ್ನಡಕ್ಕೆ ಮಾಡಿದರು. ವಿಮರ್ಶಕರು ಇಬ್ಬರು. ಮೊದಲನೆಯವನು ಬರೆದದ್ದು: "ಇಷ್ಟೊಂದು ಮೀನು. ಈ ಕಡಲಿಗೆ ಮನುಷ್ಯರು ಬರುವುದಿಲ್ಲವೇ?"



"ಇನ್ನೊಬ್ಬರದ್ದು? ಮಸಿಯ ಕೆಳಗಿನದ್ದು?" ಇವರು ಪುಟದ ಮೇಲೆ ಬೆರಳಿಟ್ಟರು.

"ಅದನ್ನು ನಾನು ಊರಲ್ಲೇ ಓದಿ ಬಂದೆ," ಎಂದು ಎಂಜಿನಿಯರು ತಲೆ ತಗ್ಗಿಸಿದರು. "ಒಂದು ಬಾಟಲಿ ವೈನ್ ಕುಡಿಯದೆ ಈ ಕವಿಯನ್ನು ಕೊನೆಯವರೆಗೆ ಓದಲು ಯಾರಿಂದಲೂ ಆಗದು, ಅಂತ."

ಇವರು ಪತ್ರಿಕೆ ಮಡಚಿದರು. "ಆಯ್ತು. ಇನ್ನು ಬರೆಯುವುದಿಲ್ಲ."

ಆ ಮುಖ ನನ್ನಿಂದ ನೋಡಲಾಗಲಿಲ್ಲ. "ಯಾರಿಂದಲೂ ಆಗದಂತೆ! ಆ ವಿಮರ್ಶಕನಿಗೆ ಬರೆಯಿರಿ," ಎಂದೆ. "ಈ ದೇಶದಲ್ಲಿ ಬರೀ ಚಹಾ ಕುಡಿದುಕೊಂಡು ಹೆಂಡತಿಯೊಬ್ಬಳು ನಾಲ್ಕು ವರ್ಷದಿಂದ ಎಲ್ಲವನ್ನೂ ಕೊನೆಯವರೆಗೆ ಕೇಳಿದ್ದಾಳೆ ಅಂತ!"

ಕೋಣೆಯೆಲ್ಲ ನಕ್ಕಿತು. ಗುಮಾಸ್ತರು ಇಂಗ್ಲಿಷಿಗೆ ಮಾಡಿದ ಮೇಲೆ ಎಂಜಿನಿಯರೂ ನಕ್ಕರು. ಇವರೂ ಕಣ್ಣೊರೆಸಿಕೊಂಡು ನಕ್ಕರು. ನಗುತ್ತ ನಗುತ್ತ ಜೇಬಿಗೆ ಕೈ ಹಾಕಿ ಹೊಸ ಪದ್ಯ ಹೊರತೆಗೆದರು. ಎಂಟು ಪುಟ.

ಎಂಜಿನಿಯರು ಮೆಲ್ಲನೆ ನನ್ನ ಕಡೆಗೆ ಲೋಟ ಚಾಚಿದರು. "ಮೇಡಂ, ಇನ್ನೊಂದು ಚಹಾ."